ಮರೆತ ಗುಪ್ತಪದ, ತೆರೆಯದ ಗಣಕಯಂತ್ರ

ಮನುಷ್ಯನು ಬೀಗವನ್ನು ಕಂಡುಹಿಡಿದ ದಿನದಿಂದಲೇ ಬೀಗದ ಕೈಯನ್ನು ಕಳೆದುಕೊಳ್ಳುವ ಕಷ್ಟವೂ ಅವನ ಬೆನ್ನುಹತ್ತಿತು. ಕಬ್ಬಿಣದ ಕೈಯಾದರೆ ಹೊಸದನ್ನು ಮಾಡಿಸಬಹುದು. ನೆನಪಿನಲ್ಲಿ ಮಾತ್ರ ಇರುವ ಕೈ ಕಳೆದುಹೋದರೆ ಯಾವ ಕಮ್ಮಾರನ ಬಳಿಗೆ ಹೋಗೋಣ? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂತಹ ಊರುಗಳ ಮನೆಗಳಲ್ಲಿಯೂ ಇಂದು ಗಣಕಯಂತ್ರವಿರುವುದುಂಟು. ಮಗಳ ಕಾಲೇಜಿನ ಪ್ರಬಂಧ, ತಂದೆಯ ಹೊಲದ ಲೆಕ್ಕ, ತೀರಿಹೋದ ಅಜ್ಜಿಯ ಭಾವಚಿತ್ರ ಎಲ್ಲವೂ ಆ ಒಂದೇ ಪೆಟ್ಟಿಗೆಯಲ್ಲಿ ಅಡಗಿರುತ್ತವೆ. ರಜೆ ಕಳೆದು ಯಂತ್ರವನ್ನು ಚಾಲೂ ಮಾಡಿದಾಗ ಗುಪ್ತಪದ, ಅಂದರೆ ಪಾಸ್‌ವರ್ಡ್, ನೆನಪಿಗೆ ಬಾರದೆ ಹೋದರೆ “ಫಾರ್ಮ್ಯಾಟ್ ಮಾಡಿಬಿಡಿ” ಎಂದು ಸಲಹೆ ಕೊಡುವವರಿಗೆ ಕೊರತೆಯಿಲ್ಲ. ಹಾಗೆ ಮಾಡಿದರೆ ಯಂತ್ರವು ತೆರೆಯುವುದು ನಿಜ. ಆದರೆ ಒಳಗಿನ ಸಂಗ್ರಹವೆಲ್ಲ ಕೈಬಿಟ್ಟು ಹೋಗುವುದು. ಆದುದರಿಂದ ಕೈಹಾಕುವ ಮೊದಲು ಬೀಗದ ರಚನೆಯನ್ನು ಅರಿಯುವುದು ಲೇಸು.

ಗುಪ್ತಪದದ ಹುಟ್ಟು

1961ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು ಒಂದೇ ಗಣಕವನ್ನು ಹಲವರು ಏಕಕಾಲದಲ್ಲಿ ಬಳಸುವ ವ್ಯವಸ್ಥೆಯನ್ನು ರಚಿಸಿ ತೋರಿಸಿದರು. ಒಬ್ಬರ ಕಡತವನ್ನು ಮತ್ತೊಬ್ಬರು ನೋಡಬಾರದೆಂದು ಈ ವ್ಯವಸ್ಥೆಯಲ್ಲಿ ಪ್ರತಿಯೊಬ್ಬರಿಗೂ ಗುಪ್ತಪದವನ್ನು ಕೊಡಲಾಯಿತು. ಆದರೆ ಆ ಪದಗಳೆಲ್ಲ ಒಂದು ಪಟ್ಟಿಯಲ್ಲಿ ಇದ್ದ ಹಾಗೆಯೇ ಬರೆದಿದ್ದವು. 1962ರಲ್ಲಿ, ತನಗೆ ಹಂಚಿಕೊಟ್ಟ ಸಮಯ ಸಾಲದೆಂದು, ಆಲನ್ ಶೆರ್ ಎಂಬ ವಿದ್ಯಾರ್ಥಿ ಆ ಪಟ್ಟಿಯನ್ನೇ ಮುದ್ರಿಸಿಕೊಂಡರು! 1966ರಲ್ಲಿ ಎರಡು ಕಡತಗಳು ಅದಲುಬದಲಾಗಿ, ಯಂತ್ರದ ಮುಂದೆ ಕುಳಿತವರಿಗೆಲ್ಲ ದಿನದ ಸಂದೇಶದ ಬದಲು ಎಲ್ಲರ ಗುಪ್ತಪದಗಳೂ ಕಾಣಿಸಿಕೊಂಡವು.

ಹಿಟ್ಟು ಮರಳಿ ಕಾಳಾಗದು

ಈ ದೋಷಕ್ಕೆ ಪರಿಹಾರವನ್ನು 1960ರ ದಶಕದಲ್ಲಿಯೇ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರೋಜರ್ ನೀಡಮ್ ಮೊದಲಾದವರು ಸೂಚಿಸಿದರು. ವಿಜಯಪುರ ಜಿಲ್ಲೆಯ ಬಿಳಿಜೋಳವನ್ನು ಗಿರಣಿಗೆ ಹಾಕಿದರೆ ಹಿಟ್ಟಾಗುವುದು. ಆ ಹಿಟ್ಟನ್ನು ಮರಳಿ ಕಾಳು ಮಾಡುವ ಗಿರಣಿ ಎಲ್ಲಿಯೂ ಇಲ್ಲ. ಅದೇ ರೀತಿ ಗುಪ್ತಪದವನ್ನು ಗಣಿತದ ಗಿರಣಿಯಲ್ಲಿ ಬೀಸಿ, ದೊರೆತ ‘ಹಿಟ್ಟನ್ನು’ ಮಾತ್ರ ಯಂತ್ರವು ಇಟ್ಟುಕೊಳ್ಳುತ್ತದೆ. ಇದಕ್ಕೆ ಹ್ಯಾಶ್ ಎಂದು ಹೆಸರು. ನೀವು ಪದವನ್ನು ಬೆರಳಚ್ಚಿಸಿದಾಗ ಅದನ್ನೂ ಬೀಸಿ, ಎರಡು ಹಿಟ್ಟುಗಳನ್ನು ಹೋಲಿಸಿ, ಒಂದೇ ಆಗಿದ್ದರೆ ಬಾಗಿಲನ್ನು ತೆರೆಯುತ್ತದೆ. ನಿಮ್ಮ ಪದವು ಯಾವುದೆಂಬುದು ಯಂತ್ರಕ್ಕೇ ತಿಳಿಯದು. ಆದಕಾರಣ ಮರೆತವನಿಗೆ ಅದು ನೆನಪು ಮಾಡಿಕೊಡಲಾರದು.

ಇಬ್ಬರ ಪದವು ಒಂದೇ ಆದರೂ ಹಿಟ್ಟು ಬೇರೆಯಾಗಲೆಂದು ಪ್ರತಿ ಪದಕ್ಕೂ ಬೇರೆ ಬೇರೆ ಸಂಖ್ಯೆಯೊಂದನ್ನು ಬೆರೆಸುವ ಉಪಾಯವನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಪ್ರಕಟಿಸಿದರು. ಅದಕ್ಕೆ ಅವರಿಟ್ಟ ಹೆಸರು ‘ಉಪ್ಪು’.

ಹಾಗಾದರೆ ಊಹಿಸಿ ನೋಡಬಹುದಲ್ಲವೇ? ಲೆಕ್ಕ ಹಾಕೋಣ. ಇಂಗ್ಲಿಷಿನ ಸಣ್ಣ ಅಕ್ಷರಗಳು 26. ಎಂಟು ಅಕ್ಷರಗಳ ಪದಗಳು ಸುಮಾರು 20,882 ಕೋಟಿಯಾಗುತ್ತವೆ. ಸೆಕೆಂಡಿಗೆ ಒಂದು ಕೋಟಿ ಪದಗಳನ್ನು ಪರೀಕ್ಷಿಸುವ ಯಂತ್ರವು ಆರು ಗಂಟೆಗಳೊಳಗೆ ಅವೆಲ್ಲವನ್ನೂ ಮುಗಿಸೀತು. ಪದವು ಹನ್ನೆರಡು ಅಕ್ಷರಗಳದ್ದಾದರೆ ಅದೇ ಯಂತ್ರಕ್ಕೆ 300 ವರ್ಷಗಳಿಗೂ ಮಿಕ್ಕಿ ಕಾಲ ಬೇಕು!

ನ್ಯಾಯವಾದ ದಾರಿಗಳು

ವಿಂಡೋಸ್ ಯಂತ್ರದ ಮಾಲೀಕನಿಗೆ ಹಲವು ದಾರಿಗಳುಂಟು. ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸುತ್ತಿದ್ದರೆ ಬೇರೊಂದು ಫೋನಿನಿಂದ ಆ ಖಾತೆಯ ಪದವನ್ನು ಬದಲಾಯಿಸಬಹುದು. ಮೊದಲೇ ನೋಂದಾಯಿಸಿದ ಮೊಬೈಲ್ ಸಂಖ್ಯೆಗೋ ಮಿಂಚಂಚೆಗೋ ಸಂಕೇತ ಬರುತ್ತದೆ. ಖಾತೆಯು ಯಂತ್ರಕ್ಕೆ ಮಾತ್ರ ಸೀಮಿತವಾಗಿದ್ದರೆ, ಮೊದಲು ಉತ್ತರಿಸಿಟ್ಟ ಭದ್ರತಾ ಪ್ರಶ್ನೆಗಳಾಗಲಿ, ಪೆನ್‌ಡ್ರೈವಿನಲ್ಲಿ ಮಾಡಿಟ್ಟ ಮರುಹೊಂದಿಕೆಯ ಕಡತವಾಗಲಿ ನೆರವಾಗುವುದು. ಮನೆಯಲ್ಲಿ ಮತ್ತೊಬ್ಬರಿಗೆ ನಿರ್ವಾಹಕರ ಖಾತೆಯಿದ್ದರೆ ಅವರೂ ಹೊಸ ಪದವನ್ನು ಕೊಡಬಲ್ಲರು.

ಇವು ಯಾವುವೂ ಇಲ್ಲವೆನ್ನಿ. ಆಗಲೂ ಧೈರ್ಯಗೆಡಬೇಕಿಲ್ಲ. ಡಿಸ್ಕ್ ಗೂಢಲಿಪಿಯಲ್ಲಿಲ್ಲದಿದ್ದರೆ, ಗುಪ್ತಪದವು ಮುಂಬಾಗಿಲಿನ ಬೀಗ ಮಾತ್ರ. ಪೆನ್‌ಡ್ರೈವಿನಿಂದ ಲಿನಕ್ಸನ್ನು ಚಾಲೂ ಮಾಡಿ, ಅಥವಾ ಡಿಸ್ಕನ್ನು ಬಿಚ್ಚಿ ಬೇರೆ ಗಣಕಕ್ಕೆ ಜೋಡಿಸಿ, ಕಡತಗಳನ್ನು ನಕಲು ಮಾಡಿಕೊಳ್ಳಬಹುದು. ಫಾರ್ಮ್ಯಾಟಿನ ಮಾತು ಆಮೇಲಿನದು.

ಗೋಡೆಯೂ ಬೀಗವಾದಾಗ

ಆದರೆ ಹಿತ್ತಿಲ ಬಾಗಿಲು ಮಾಲೀಕನಿಗೆ ತೆರೆಯುವಂತೆ ಕಳ್ಳನಿಗೂ ತೆರೆಯುವುದಷ್ಟೆ! ಅದಕ್ಕಾಗಿಯೇ ಇಂದಿನ ಅನೇಕ ಯಂತ್ರಗಳು ಇಡೀ ಡಿಸ್ಕನ್ನು ಗೂಢಲಿಪಿಯಲ್ಲಿ ಬರೆಯುತ್ತವೆ. ವಿಂಡೋಸಿನ ಬಿಟ್‌ಲಾಕರ್ ಇಂತಹದು. ಅಲ್ಲಿ ಡಿಸ್ಕನ್ನು ಬಿಚ್ಚಿದರೆ ಕಾಣುವುದು ಅರ್ಥವಿಲ್ಲದ ಅಂಕೆಗಳ ರಾಶಿ. ಆಗ ಉಳಿಯುವ ದಾರಿ 48 ಅಂಕೆಗಳ ಮರುಪ್ರಾಪ್ತಿ ಕೀಲಿಯೊಂದೇ. ಅನೇಕ ವೇಳೆ ಅದು ಮಾಲೀಕನಿಗೇ ಅರಿವಿಲ್ಲದಂತೆ ಅವನ ಮೈಕ್ರೋಸಾಫ್ಟ್ ಖಾತೆಯಲ್ಲಿ ಜಮೆಯಾಗಿರುವುದುಂಟು. ಮೊದಲು ಅಲ್ಲಿ ಹುಡುಕಬೇಕು. ಎಲ್ಲಿಯೂ ಸಿಗದಿದ್ದರೆ, ಎಂತಹ ಜಾಣ ತಂತ್ರಜ್ಞನೂ ಅಜ್ಜಿಯ ಭಾವಚಿತ್ರವನ್ನು ಹಿಂದಕ್ಕೆ ತರಲಾರನು.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನು? ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳು ಇಂದೇ ಮೂರು ಕೆಲಸಗಳನ್ನು ಮಾಡಬಹುದು. ಮರುಪ್ರಾಪ್ತಿ ಕೀಲಿಯನ್ನು ಕಾಗದದ ಮೇಲೆ ಬರೆದು ಮನೆಯ ಕಾಗದಪತ್ರಗಳೊಡನೆ ಕಪಾಟಿನಲ್ಲಿಡಿ. ಖಾತೆಯಲ್ಲಿರುವ ಮೊಬೈಲ್ ಸಂಖ್ಯೆಯು ಈಗಲೂ ನಿಮ್ಮದೇ ಹೌದೋ ಎಂದು ನೋಡಿ. ಮುಖ್ಯವಾದ ಕಡತಗಳ ಮತ್ತೊಂದು ಪ್ರತಿಯನ್ನು ಬೇರೆಡೆ ಇರಿಸಿ. ಮೂರಕ್ಕೂ ಸೇರಿ ಅರ್ಧ ತಾಸು ಸಾಕು.