ಸಣ್ಣ ಅಂಗಡಿಗೆ ಎಂಥ ಲ್ಯಾಮಿನೇಟರ್?

ರೋಣ, ನರಗುಂದ ಅಥವಾ ಗಜೇಂದ್ರಗಡದಂಥ ಊರಿನಲ್ಲಿ ಓದು ಮುಗಿಸಿ ಒಂದು ಜೆರಾಕ್ಸ್ ಮತ್ತು ಮುದ್ರಣದ ಅಂಗಡಿ ಇಡಬೇಕೆಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ಅಲ್ಲಿ ಲ್ಯಾಮಿನೇಷನ್ ಯಂತ್ರ ಬೇಕೇ ಬೇಕು. ಕಡಿಮೆ ಬೆಲೆಯ ಯಂತ್ರಗಳೆಲ್ಲ ನೋಡಲು ಒಂದೇ ತರಹ ಇರುತ್ತವೆ. ಆದ್ದರಿಂದ ಬೆಲೆ ಕೇಳುವ ಮೊದಲು ಒಳಗೆ ನಡೆಯುವುದೇನು ಎಂಬುದನ್ನು ತಿಳಿಯೋಣ.

ಪೌಚಿನ ಹಾಳೆ ಒಂದೇ ಪದರದಂತೆ ಕಂಡರೂ ಅದರಲ್ಲಿ ಎರಡು ಪದರಗಳಿವೆ. ಹೊರಗಿನದು ಪಾಲಿಯೆಸ್ಟರ್, ಒಳಗಿನದು ಶಾಖಕ್ಕೆ ಕರಗುವ ಅಂಟು. ಪಾಲಿಯೆಸ್ಟರ್ ಕರಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಬೇಕು. ಅಂಟಿಗೆ 100ರ ಆಸುಪಾಸು ಸಾಕು. ಈ ಅಂತರವೇ ಯಂತ್ರದ ಬಂಡವಾಳ. ಕರಗಿದ ಅಂಟು ರೋಲರುಗಳ ಒತ್ತಡಕ್ಕೆ ಕಾಗದದ ನಾರಿನೊಳಗೆ ಇಳಿದು, ತಣ್ಣಗಾದಾಗ ಹಿಡಿದುಕೊಳ್ಳುತ್ತದೆ.

ಪೌಚಿನ ದಪ್ಪವನ್ನು ಮೈಕ್ರಾನ್ ಲೆಕ್ಕದಲ್ಲಿ ಹೇಳುತ್ತಾರೆ. 125 ಮೈಕ್ರಾನ್ ಎಂದರೆ ಮಿಲಿಮೀಟರಿನ ಎಂಟನೆಯ ಒಂದು ಭಾಗ. (ಅದು ಒಂದು ಬದಿಯ ದಪ್ಪವೋ ಎರಡೂ ಬದಿ ಸೇರಿಯೋ ಎಂದು ಅಂಗಡಿಯವರನ್ನು ಕೇಳಿಯೇ ಕೊಳ್ಳಿ.) ಇಲ್ಲಿ ಭೌತಶಾಸ್ತ್ರದ ಒಂದು ನಿಯಮ ನೆನಪಿಡಬೇಕು. ದಪ್ಪ ಎರಡು ಪಟ್ಟಾದರೆ ಶಾಖ ಒಳಕ್ಕೆ ಹರಿಯಲು ಸುಮಾರು ನಾಲ್ಕು ಪಟ್ಟು ಸಮಯ ಹಿಡಿಯುತ್ತದೆ. ಶಾಖವನ್ನೂ ವೇಗವನ್ನೂ ಬದಲಿಸಲಾಗದ ಯಂತ್ರಕ್ಕೆ 250 ಮೈಕ್ರಾನಿನ ಪೌಚ್ ಕೊಟ್ಟರೆ ಅಂಟು ಅರೆಬೆಂದು, ಹಾಳೆ ಮಂಜು ಕವಿದಂತೆ ಕಾಣುತ್ತದೆ. ಶಾಖ ಹೆಚ್ಚಾದರೆ ಅಲೆಅಲೆಯಾಗಿ ಮುದುಡುತ್ತದೆ. ಆದ್ದರಿಂದ ಉಷ್ಣತೆಯ ಹೊಂದಾಣಿಕೆ ಇರುವ ಯಂತ್ರಕ್ಕೆ ನಾಲ್ಕು ಕಾಸು ಹೆಚ್ಚು ಕೊಡುವುದು ನಷ್ಟವಲ್ಲ.

ಎರಡು ರೋಲರಿಗಿಂತ ನಾಲ್ಕು ರೋಲರಿನದು ವಾಸಿ. ಮೊದಲ ಜೋಡಿ ಕಾಯಿಸುತ್ತದೆ, ಎರಡನೆಯದು ಎಳೆದು ಒತ್ತಿ ಸಪಾಟು ಮಾಡುತ್ತದೆ. ಅಗಲ ಎ-3 ಅಳತೆಯದಿರಲಿ. ಶಾಲೆಯ ನಕಾಶೆ, ಅಂಗಡಿಯ ದರಪಟ್ಟಿ ಎಲ್ಲ ಹಿಡಿಯುತ್ತವೆ. ಎ-4 ಹಾಳೆಯನ್ನು ಅಡ್ಡಲಾಗಿ ಕೊಟ್ಟರೆ 297 ಮಿಲಿಮೀಟರಿನ ಬದಲು 210ರಷ್ಟೇ ಓಡಿದರೆ ಸಾಕು, ಕೆಲಸ ಬೇಗ ಆಗುತ್ತದೆ.

ಇನ್ನು ವಿದ್ಯುತ್ತಿನ ಮಾತು. 600 ವಾಟ್ ಯಂತ್ರ ಗಂಟೆಗೆ ಹೆಚ್ಚೆಂದರೆ 0.6 ಯೂನಿಟ್ ತಿನ್ನುತ್ತದೆ, ಅದೇನೂ ಭಾರವಲ್ಲ. ತೊಂದರೆ ಬರುವುದು ಹಾಳೆ ಅರ್ಧ ಒಳಗಿರುವಾಗ ಕರೆಂಟು ಹೋದರೆ. ಹಿಮ್ಮುಖ ತಿರುಗಿಸುವ ಸ್ವಿಚ್ಚಿಗೂ ಕರೆಂಟೇ ಬೇಕಲ್ಲ! ರೋಲರುಗಳನ್ನು ಕೈಯಿಂದಲೇ ಸಡಿಲಿಸುವ ಲಿವರ್ ಇದೆಯೇ ಎಂದು ಅಂಗಡಿಯಲ್ಲೇ ಒತ್ತಿ ನೋಡಿ. ಮಾರುವವರು ನಿಮಿಷಕ್ಕೆ ಎಷ್ಟು ಹಾಳೆ ಎಂಬುದನ್ನೇ ಹೇಳುತ್ತಿರುತ್ತಾರೆ. ಸಣ್ಣ ಅಂಗಡಿಗೆ ಈ ಲಿವರೇ ಮುಖ್ಯ.

ಪೌಚಿನ ಮುಚ್ಚಿದ ಅಂಚು ಮೊದಲು ಹೋಗಬೇಕು, ಆಗ ಒಳಗಿನ ಗಾಳಿ ಹಿಂದಿನಿಂದ ಹೊರಬೀಳುತ್ತದೆ. ಎರೆಮಣ್ಣಿನ ಸೀಮೆಯಲ್ಲಿ ಬೇಸಿಗೆಯ ಧೂಳು ಹೇಳತೀರದು. ಒಳಗೆ ಸಿಕ್ಕ ಒಂದು ಕಣವೂ ಗುಳ್ಳೆಯಾಗಿ ಶಾಶ್ವತವಾಗಿ ಉಳಿಯುತ್ತದೆ. ದಿನಕ್ಕೊಮ್ಮೆ ಬಿಸಿ ರೋಲರಿನಲ್ಲಿ ಬರಿಯ ಕಾಗದ ಓಡಿಸಿದರೆ ಅಂಟಿನ ಕಸ ಅದಕ್ಕೆ ಹತ್ತಿಕೊಂಡು ಬರುತ್ತದೆ.

ಗಿರಾಕಿ ಕೊಟ್ಟದ್ದನ್ನೆಲ್ಲ ಒಳಗೆ ತಳ್ಳಬಾರದು. ಎ.ಟಿ.ಎಂ. ಚೀಟಿಯಂಥ ಶಾಖಸಂವೇದಿ ಕಾಗದ ಕಪ್ಪಾಗಿ ಅಕ್ಷರವೇ ಅಳಿಯುತ್ತದೆ. ಅಂಕಪಟ್ಟಿ, ಪದವಿ ಪ್ರಮಾಣಪತ್ರಗಳ ಮೂಲ ಪ್ರತಿಯದು ಇನ್ನೂ ಸೂಕ್ಷ್ಮ ವಿಷಯ. ನಾರಿನೊಳಗೆ ಇಳಿದ ಅಂಟನ್ನು ಮತ್ತೆ ಬಿಡಿಸಲು ಹೋದರೆ ಕಾಗದವೇ ಕಿತ್ತು ಬರುತ್ತದೆ. ವಿದೇಶಕ್ಕೆ ಹೋಗುವವರ ಪ್ರಮಾಣಪತ್ರದ ಹಿಂಬದಿಗೆ ದೃಢೀಕರಣದ ಮುದ್ರೆ ಬೀಳಬೇಕಾಗುತ್ತದೆ; ಪ್ಲಾಸ್ಟಿಕ್ಕಿನ ಮೇಲೆ ಅದು ಕೂರುವುದಿಲ್ಲ. ನಕಲು ಪ್ರತಿಗೆ ಲ್ಯಾಮಿನೇಷನ್ ಮಾಡಿ, ಮೂಲವನ್ನು ಸಾದಾ ಪ್ಲಾಸ್ಟಿಕ್ ಕವರಿನಲ್ಲಿಡಲು ಹೇಳಿ.

ಲಗ್ನಪತ್ರಿಕೆ ಮತ್ತು ಪುಸ್ತಕದ ರಕ್ಷಾಪುಟಗಳಿಗೆ ಪೌಚ್ ಒಗ್ಗದು. ಅವಕ್ಕೆ ತೆಳು ಫಿಲ್ಮಿನ ಸುರುಳಿ ಹಾಕುವ ಬೇರೆ ಯಂತ್ರವುಂಟು, ಬೆಲೆಯೂ ಹೆಚ್ಚು. ಆ ಕೆಲಸ ತಿಂಗಳಿಗೆ ಒಂದೆರಡು ಬಂದರೆ ದೊಡ್ಡ ಮುದ್ರಣಾಲಯಕ್ಕೆ ಕಳಿಸಿ ಮಾಡಿಸುವುದೇ ಅಗ್ಗ.