ಗುದ್ದಿದರೂ ನೆಗ್ಗದ ಕಾರು

“ಅಮ್ಮಾ, ನಾನು ನ್ಯೂರ್‌ಬುರ್ಗ್‌ರಿಂಗ್‌ನಲ್ಲೇ ಕಾರು ಓಡಿಸಿದೀನಿ. ಆಗುಂಬೆ ಘಾಟಿ ಯಾವ ಲೆಕ್ಕ?”

ಕಳೆದ ವರ್ಷ ಮಗನಿಗೆ ಹದಿನೆಂಟು ತುಂಬಿ ಲೈಸೆನ್ಸ್ ಕೈಗೆ ಬಂದಿತ್ತು. ಆ ತಿಂಗಳೇ ಉಡುಪಿಯಲ್ಲೊಂದು ಮದುವೆ. ಘಾಟಿ ಇಳಿಯುವಾಗ ತಾನೇ ಓಡಿಸುತ್ತೇನೆಂದು ನಮ್ಮವರ ಹತ್ತಿರ ಕೀ ಕೇಳುತ್ತ ಅವನು ಆಡಿದ ಮಾತಿದು. ಒಗ್ಗರಣೆ ಹಾಕುತ್ತಿದ್ದ ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದೆ. “ಅದ್ಯಾವ ಊರೋ, ಯಾವಾಗ ಹೋಗಿದ್ದೆಯೋ?” ಅಂದೆ. ಜರ್ಮನಿಯಂತೆ! ಇವನು ಹೋಗಿದ್ದು ನಮ್ಮ ನಡುಮನೆಯ ಟಿ.ವಿ. ಮುಂದೆ ಚಾಪೆಯ ಮೇಲೆ ಕೂತು.

ಬೆಂಗಳೂರಿನ ನನ್ನ ಮೈದುನ ತಮ್ಮ ಹಳೆಯ ಪ್ಲೇಸ್ಟೇಷನ್ 2 ಯಂತ್ರವನ್ನು ಇವನು ಚಿಕ್ಕವನಿದ್ದಾಗ ಕೊಟ್ಟುಹೋಗಿದ್ದರು. ಜೊತೆಗೆ ಗ್ರ್ಯಾನ್ ಟುರಿಸ್ಮೋ 4 ಎಂಬ ಕಾರಿನ ಆಟದ ಡಿಸ್ಕು. ಅಂದಿನಿಂದ ನನಗೆ ಅದು ಬರೀ ‘ಗುಂಯ್’ ಎನ್ನುವ ಸದ್ದು, ಅಷ್ಟೆ. ಆದರೆ ಜೀವಕ್ಕೇ ಸಂಬಂಧಪಟ್ಟ ಮಾತು ಬಂದ ಮೇಲೆ ಸುಮ್ಮನಿರಲಾದೀತೇ? ಅದೇನು ಆಟ, ಇವನಿಗೆ ಏನು ಕಲಿಸಿದೆ ಎಂದು ನೋಡಲೇಬೇಕೆಂದು ಅವನ ಪಕ್ಕದಲ್ಲಿ ಕೂತೆ. ಕೇಳಿದ್ದಕ್ಕೆಲ್ಲ ಹುಡುಗ ಸಂಭ್ರಮದಿಂದ ಹೇಳಿದ. ಉಳಿದದ್ದನ್ನು ಓದಿ ತಿಳಿದುಕೊಂಡೆ.

ಕಾರಿನ ಆಟಗಳು ಮೊದಲೂ ಇದ್ದವು. 1982ರಲ್ಲಿ ಜಪಾನಿನ ನಾಮ್ಕೋ ಕಂಪನಿಯ ‘ಪೋಲ್ ಪೊಸಿಷನ್’ ಬಂತು. 1986ರಲ್ಲಿ ಸೆಗಾ ಕಂಪನಿಯವರು ‘ಔಟ್ ರನ್’ ತಂದರು. ಕೆಂಪು ಕಾರು, ಸಮುದ್ರದ ದಂಡೆ, ಹೊರಡುವ ಮೊದಲು ನಮಗೆ ಬೇಕಾದ ಸಂಗೀತ ಆರಿಸಿಕೊಳ್ಳುವ ಸೌಕರ್ಯ ಬೇರೆ. ನಾಣ್ಯ ಹಾಕು, ಆಡು, ಎದ್ದು ಹೋಗು. ಕಾರಿನ ಹೊಟ್ಟೆಯೊಳಗೆ ಏನಿದೆ ಎಂದು ಯಾರೂ ಕೇಳುವಂತಿರಲಿಲ್ಲ.

ಅದನ್ನು ಬದಲಿಸಿದವರು ಕಜುನೊರಿ ಯಾಮೌಚಿ ಎಂಬ ಜಪಾನೀಯರು. ಐದು ವರ್ಷ ಪಟ್ಟುಹಿಡಿದು ದುಡಿದು, 1997ರ ಡಿಸೆಂಬರಿನಲ್ಲಿ ಮೊದಲ ‘ಗ್ರ್ಯಾನ್ ಟುರಿಸ್ಮೋ’ವನ್ನು ಹೊರತಂದರು. ಒಂದು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು. ಅದರ ವೈಖರಿ ಕೇಳಿದರೆ ನಮ್ಮಂಥ ಸಂಸಾರವಂದಿಗರಿಗೂ ಮೆಚ್ಚಿಗೆಯಾದೀತು. ಆಡುವವನ ಕೈಗೆ ಮೊದಲು ಸಿಗುವುದು ಹತ್ತು ಸಾವಿರ ಆಟದ ಹಣ. ಅಷ್ಟರಲ್ಲಿ ಕನಸಿನ ಕಾರು ಬರುವುದಿಲ್ಲ. ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹೋಗಿ ಯಾವುದೋ ಸಣ್ಣ ಕಾರನ್ನು ಅಳೆದೂ ಸುರಿದೂ ಕೊಳ್ಳಬೇಕು. ಪಂದ್ಯ ಗೆದ್ದ ದುಡ್ಡಲ್ಲಿ ಒಳ್ಳೆ ಟೈರು, ಆಮೇಲೆ ಬ್ರೇಕು, ಆಮೇಲೆ ಎಂಜಿನ್ನಿನ ಕೆಲಸ. ನಮ್ಮ ಮನೆಯಲ್ಲಿರುವ ನಾಲ್ಕನೆಯ ಆಟದಲ್ಲಂತೂ 700ಕ್ಕೂ ಹೆಚ್ಚು ಕಾರುಗಳಿವೆ. ಆಯಿಲ್ ಬದಲಾಯಿಸಬೇಕು, ಕಾರು ತೊಳೆಸಬೇಕು. (ಉಂಡ ತಟ್ಟೆ ತೊಳೆಯದ ಮಗರಾಯ ಇಲ್ಲಿ ಕಾಸು ಕೊಟ್ಟು ಕಾರು ತೊಳೆಸುತ್ತಾನೆ!)

ಇನ್ನೊಂದು ವಿಶೇಷವೆಂದರೆ ಆಟದಲ್ಲೂ ಲೈಸೆನ್ಸ್ ಪರೀಕ್ಷೆ. ಪಾಸಾಗದೆ ದೊಡ್ಡ ಪಂದ್ಯಕ್ಕೆ ಬಿಡುವುದಿಲ್ಲ. ಜೋರಾಗಿ ಹೋಗಿ ಗೆರೆ ಹಾಕಿದ ಜಾಗದೊಳಗೇ ನಿಲ್ಲಿಸಬೇಕು. ತಿರುವು ಬರುವ ಮುಂಚೆ, ಚಕ್ರ ನೇರವಿರುವಾಗಲೇ ಬ್ರೇಕು ಒತ್ತಬೇಕು. “ತಿರುಗಿಸ್ತಾ ಜೋರಾಗಿ ಬ್ರೇಕ್ ಹಾಕಿದ್ರೆ ಟೈರ್ ಹಿಡಿತ ಬಿಟ್ಟುಬಿಡುತ್ತೆ ಅಮ್ಮ” ಎಂದು ಮಗ ವಿವರಿಸಿದಾಗ ನಾನು ಒಳಗೊಳಗೇ ಬೆರಗಾದೆ. ಪುಸ್ತಕ ಹಿಡಿದರೆ ಆಕಳಿಸುವ ಹುಡುಗ ಇವನೇನಾ?

ದೇಶದೇಶಗಳ ಹುಡುಗರು ಹೀಗೇ ಕಾರಿನ ಹುಚ್ಚು ಹತ್ತಿಸಿಕೊಂಡರು. ನಿಸ್ಸಾನ್ ಕಂಪನಿಯ ‘ಸ್ಕೈಲೈನ್ ಜಿಟಿ-ಆರ್’ ಅಮೆರಿಕದ ಶೋರೂಮುಗಳಿಗೆ ಬಂದ ಕಾರಲ್ಲ. ಅಲ್ಲಿಯ ಹುಡುಗರು ಅದನ್ನು ಕಂಡದ್ದು, ಓಡಿಸಿದ್ದು ಈ ಆಟದಲ್ಲಿ. ಅಲ್ಲಿನ ನಿಯಮಗಳಿಗೆ ಒಗ್ಗದ ಪರದೇಶದ ಕಾರನ್ನು ತರಿಸಿಕೊಳ್ಳಬೇಕಾದರೆ ಅದಕ್ಕೆ 25 ವರ್ಷ ತುಂಬಿರಬೇಕು ಎಂಬುದು ಕಾನೂನು. ಆ ಹುಡುಗರು ಕಾದರು ನೋಡಿ! 1989ರ ಕಾರಿಗೆ 2014ರಲ್ಲಿ, 1999ರ ಕಾರಿಗೆ 2024ರಲ್ಲಿ ಬಾಗಿಲು ತೆರೆಯಿತು. ಅಷ್ಟು ಹೊತ್ತಿಗೆ ಅವರಿಗೆಲ್ಲ ತಲೆ ನರೆತಿರಬೇಕು ಪಾಪ. ಕಾರು ಮಾಡುವವರೂ ಆಟದವರ ಬಾಗಿಲಿಗೇ ಬಂದರು. 2007ರಲ್ಲಿ ನಿಸ್ಸಾನಿನವರು ಹೊಸ ಜಿಟಿ-ಆರ್ ತಂದಾಗ, ಒಳಗೆ ಅಂಕಿಅಂಶ ತೋರಿಸುವ ಪರದೆಯನ್ನು ರೂಪಿಸಿದ್ದು ಯಾಮೌಚಿಯವರ ಸಂಸ್ಥೆಯೇ.

ಅಷ್ಟಕ್ಕೇ ನಿಲ್ಲಲಿಲ್ಲ. ಆಟದಲ್ಲಿ ಗೆದ್ದವರನ್ನು ನಿಜವಾದ ರೇಸಿಗೆ ಇಳಿಸುವ ‘ಜಿಟಿ ಅಕಾಡೆಮಿ’ 2008ರಲ್ಲಿ ಶುರುವಾಯಿತು. ಮೊದಲು ಗೆದ್ದ ಸ್ಪೇನಿನ ಲೂಕಾಸ್ ಓರ್ಡೋನ್ಯೆಸ್ 2011ರಲ್ಲಿ ಫ್ರಾನ್ಸಿನ ಲ ಮಾನ್ಸ್ ಪಂದ್ಯದಲ್ಲಿ ತಮ್ಮ ವರ್ಗದಲ್ಲಿ ಎರಡನೆಯವರಾದ ತಂಡದಲ್ಲಿದ್ದರು. ಅದು 24 ಗಂಟೆ ನಡೆಯುವ ಪಂದ್ಯ. 2011ರ ಸ್ಪರ್ಧೆಯಲ್ಲಿ ಸುಮಾರು 90,000 ಮಂದಿಯನ್ನು ಹಿಂದೆ ಹಾಕಿದವನು ವೇಲ್ಸಿನ ಕಾರ್ಡಿಫ್ ಊರಿನ ಹುಡುಗ ಯಾನ್ ಮಾರ್ಡನ್‌ಬರೋ. 2013ರಲ್ಲಿ ಅವನ ತಂಡವೂ ಲ ಮಾನ್ಸ್‌ನಲ್ಲಿ ತನ್ನ ವರ್ಗದಲ್ಲಿ ಮೂರನೆಯದಾಯಿತು. “ನೋಡಿದ್ಯಾ?” ಎಂದು ನನ್ನ ಮಗ ಕಣ್ಣರಳಿಸಿದ.

ನೋಡಿದೆ. ಆದರೆ ಅವನು ಹೇಳದೆ ಬಿಟ್ಟದ್ದೂ ಒಂದಿತ್ತು. 2015ರ ಮಾರ್ಚಿನಲ್ಲಿ ಅದೇ ನ್ಯೂರ್‌ಬುರ್ಗ್‌ರಿಂಗ್‌ನಲ್ಲಿ, ದಿಣ್ಣೆ ಹತ್ತಿದ ಮಾರ್ಡನ್‌ಬರೋನ ಕಾರು ಮೂತಿ ಎತ್ತಿ ಗಾಳಿಯಲ್ಲಿ ಹಾರಿ ಬೇಲಿ ದಾಟಿ ಬಿತ್ತು. ನೋಡಲು ಬಂದಿದ್ದ ಒಬ್ಬರು ಪ್ರಾಣ ಬಿಟ್ಟರು. ಆ ವರ್ಷ ಅಲ್ಲಿ ಕೆಲವು ಕಡೆ ವೇಗಕ್ಕೆ ಮಿತಿ ಹಾಕಿದರು, ಆಮೇಲೆ ರಸ್ತೆ ಬೇಲಿ ಸರಿಪಡಿಸಿದರು. 2023ರಲ್ಲಿ ಈ ಹುಡುಗನ ಕಥೆ ಸಿನಿಮಾ ಆಯಿತು. ಅದರಲ್ಲಿ ಅಪಘಾತವನ್ನು 2013ರ ಲ ಮಾನ್ಸ್‌ಗೂ ಮುಂಚೆ ನಡೆದಂತೆ ತೋರಿಸಿ, ಆ ದುಃಖದಿಂದ ಎದ್ದು ಗೆದ್ದ ಎಂಬಂತೆ ಮಾಡಿದ್ದಾರೆ. ನನಗದು ಹಿಡಿಸಲಿಲ್ಲ. ಸತ್ತವರ ಮನೆಯವರು ನೋಡಿದರೆ ಏನೆಂದುಕೊಂಡಾರು?

ಇವನ ಆಟದಲ್ಲಿ ಕಾರು ಗೋಡೆಗೆ ಎಷ್ಟು ಗುದ್ದಿದರೂ ನೆಗ್ಗುವುದಿಲ್ಲ. ಮೊದಲ ನಾಲ್ಕು ಆಟಗಳಲ್ಲೂ ಹಾಗೆಯೇ, 2010ರ ಐದನೆಯದರಲ್ಲಿ ಮಾತ್ರ ಜಖಂ ತೋರಿಸಿದರು. ನಾನು ಇಷ್ಟೇ ಕೇಳಿದೆ: “ನಿನ್ನ ನ್ಯೂರ್‌ಬುರ್ಗ್‌ರಿಂಗ್‌ನಲ್ಲಿ ಎದುರಿಗೆ ಬಸ್ಸು ಬರುತ್ತೇನೋ? ದನ ಅಡ್ಡ ಬರುತ್ತಾ? ಬೇಲಿ ಆಚೆ ಜನ ಸಾಯ್ತಾರಾ?” ಹುಡುಗ ಮಾತಾಡಲಿಲ್ಲ. ತುಸು ಹೊತ್ತಾದ ಮೇಲೆ “ಅವತ್ತು ಅದನ್ನ ಓದಿ ನಾನು ಎರಡು ದಿನ ಆಡಲಿಲ್ಲಮ್ಮ” ಅಂದ. ಅವನಿಗೆ ಗೊತ್ತಿತ್ತು. ಗೊತ್ತಿಲ್ಲ ಅಂದುಕೊಂಡಿದ್ದವಳು ನಾನು.

ಮದುವೆಗೆ ಹೊರಟಾಗ ಘಾಟಿಯಲ್ಲಿ ನಮ್ಮವರೇ ಓಡಿಸಿದರು. ಸೋಮೇಶ್ವರಕ್ಕೆ ಇಳಿದ ಮೇಲೆ ಕೀ ಅವನ ಕೈಗೆ. ಹೆಬ್ರಿ ದಾಟಿದ ಮೇಲೆ ಒಂದು ತಿರುವಿನ ಮುಂಚೆ, ನಾನು ‘ನಿಧಾನ’ ಎನ್ನುವಷ್ಟರಲ್ಲಿ ಅವನೇ ವೇಗ ಇಳಿಸಿದ್ದ. ತಿರುವಿನಾಚೆ ಶಾಲೆ ಮಕ್ಕಳು ಸಾಲಾಗಿ ರಸ್ತೆ ದಾಟುತ್ತಿದ್ದರು.

ಈಗ ಅವನು ಕಾಲೇಜಿಗೆ ಹೋದ ಮೇಲೆ, ಅಡುಗೆಮನೆ ಕೆಲಸ ಮುಗಿಸಿ ನಾನೂ ಆ ಯಂತ್ರದ ಮುಂದೆ ಕೂರುತ್ತೇನೆ. ಯಾರಿಗೂ ಹೇಳಬೇಡಿ! ಮೊದಲನೆಯ ಲೈಸೆನ್ಸ್ ಪರೀಕ್ಷೆ, ಗೆರೆಯೊಳಗೆ ನಿಲ್ಲಿಸುವುದು. ನಾಲ್ಕು ಮಧ್ಯಾಹ್ನ ಆಯಿತು, ಒಮ್ಮೆ ಗೆರೆಗೆ ಮುಂಚೆ ನಿಲ್ಲುತ್ತದೆ, ಒಮ್ಮೆ ದಾಟಿ ಹೋಗುತ್ತದೆ. ಇನ್ನೂ ಕಂಚಿನ ಪದಕವೂ ಬಂದಿಲ್ಲ.