ತನ್ನ ಹೆಜ್ಜೆ ತನಗೆ ಕಾಣದು

ಉದ್ದನೆಯ ಕೋಲೊಂದನ್ನು ಹಿಡಿದು ಓಡಿ, ಅದನ್ನು ನೆಲಕ್ಕೂರಿ, ತಲೆಕೆಳಗಾಗಿ ಮೇಲೇರಿ, ಅಡ್ಡಪಟ್ಟಿಯನ್ನು ದಾಟಿ ಆಚೆ ಬೀಳುವ ಸ್ಪರ್ಧೆಗೆ ಪೋಲ್‌ವಾಲ್ಟ್ ಎಂದು ಹೆಸರು. ಓಟ, ಜಿಗಿತ, ಗರಡಿಯ ಸಾಮು ಈ ಮೂರೂ ಒಂದರಲ್ಲಿಯೇ ಬೆರೆತ ಇಂಥ ಸ್ಪರ್ಧೆ ಮೈದಾನದಲ್ಲಿ ಮತ್ತೊಂದಿಲ್ಲ. ಕನ್ನಡ ಪಾಠ ಹೇಳಿಕೊಂಡಿರುವ ನನಗೂ ಇದಕ್ಕೂ ಏನು ನಂಟು ಎಂದು ವಾಚಕರು ಕೇಳಬಹುದು. ಆ ನಂಟನ್ನು ಕಟ್ಟಿದ್ದು ನನ್ನ ಜೇಬಿನಲ್ಲಿದ್ದ ಮೊಬೈಲ್ ಫೋನು!

ನಾನಿರುವುದು ತುಮಕೂರಿನ ಬಟವಾಡಿಯಲ್ಲಿ. ಬಿ.ಎಚ್. ರಸ್ತೆಯಲ್ಲಿ ಲಾರಿ ಬಸ್ಸುಗಳ ಆರ್ಭಟ ಏರುವುದಕ್ಕೆ ಮುಂಚೆಯೇ ಬೆಳಗಿನ ತಿರುಗಾಟವನ್ನು ಮುಗಿಸುವುದು ನನ್ನ ವಾಡಿಕೆ. ಒಂದು ದಿನ ಮೈದಾನದ ಬಳಿ ಹೋಗುತ್ತಿದ್ದಾಗ ಪರಿಚಿತರಾದ ವ್ಯಾಯಾಮ ಶಿಕ್ಷಕರೊಬ್ಬರು ಕೂಗಿ ಕರೆದರು. “ಮೇಷ್ಟ್ರೇ, ನನ್ನ ಫೋನಿನ ಬ್ಯಾಟರಿ ಕೈಕೊಟ್ಟಿತು. ನಿಮ್ಮದರಲ್ಲಿ ಈ ಹುಡುಗಿಯ ಜಿಗಿತವನ್ನೊಂದಿಷ್ಟು ಚಿತ್ರ ಹಿಡಿದುಕೊಡುತ್ತೀರಾ?”

ಆ ಹುಡುಗಿ ನಮ್ಮ ಬೀದಿಯವಳೇ. ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವವಳು. ಒಂದೂವರೆ ತಿಂಗಳಿಂದ 2.20 ಮೀಟರಿಗಿಂತ ಮೇಲೇರಲಾರದೆ ನಿಂತುಬಿಟ್ಟಿದ್ದಳು. ಕೈಕಾಲು ಮುರಿದುಕೊಳ್ಳುವ ಮೊದಲೇ ಇದನ್ನು ಬಿಟ್ಟು ಓದಿನ ಕಡೆ ಗಮನ ಕೊಡೆಂದು ಮನೆಯಲ್ಲಿ ತಾಯಿಯ ಒತ್ತಾಯ. ಯುಗಾದಿಯವರೆಗೆ ನೋಡುವುದು, ಆಗದಿದ್ದರೆ ಕೋಲನ್ನು ಒಪ್ಪಿಸಿಬಿಡುವುದು ಎಂದು ಅವಳೂ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದಳಂತೆ.

ಪಟ್ಟಿಯನ್ನು 2.30 ಮೀಟರಿಗೆ ಏರಿಸಿದ್ದರು. ಮೂರು ಬಾರಿ ಓಡಿದಳು. ಮೂರು ಬಾರಿಯೂ ಪಟ್ಟಿ ಬಿತ್ತು. ಉಪಾಧ್ಯಾಯನ ನಾಲಗೆ ಸುಮ್ಮನಿರುತ್ತದೆಯೆ? “ಮೊಣಕಾಲು ತಗುಲಿತಮ್ಮ, ಇನ್ನಷ್ಟು ಮಡಿಸು, ಕೈಯನ್ನು ನೀಡು, ಬೇಗ ಹೊರಳು, ಎದೆ ತಗುಲದಂತೆ ನೋಡಿಕೊ” ಎಂದು ನಾನು ಒಂದೇ ಉಸಿರಿನಲ್ಲಿ ನಾಲ್ಕು ಬುದ್ಧಿವಾದ ಹೇಳಿದೆ. ಪರಿಣಾಮವೇನಾಯಿತು? ನಾಲ್ಕನೆಯ ಸಲ ಅವಳು ಅರ್ಧ ಓಡಿ ನಿಂತುಬಿಟ್ಟಳು. ಕೋಲು ನೆಲಕ್ಕೆ ಬಿತ್ತು. ಕಣ್ಣಲ್ಲಿ ನೀರು.

ವ್ಯಾಯಾಮ ಶಿಕ್ಷಕರು ನನ್ನನ್ನು ಪಕ್ಕಕ್ಕೆ ಕರೆದರು. “ನೀವು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ, ಮೇಷ್ಟ್ರೇ. ಆದರೆ ಅವೆಲ್ಲ ಮೇಲೆ ಕಾಣಿಸಿಕೊಂಡ ತಪ್ಪುಗಳು. ತಪ್ಪು ಹುಟ್ಟಿದ್ದು ಕೆಳಗೆ. ಅವಳ ಕಾಲನ್ನು ನೋಡಿದಿರಾ?” ನಾನು ನೋಡಿರಲಿಲ್ಲ.

ಇಲ್ಲಿ ಆಟದ ಮರ್ಮವನ್ನು ಸ್ವಲ್ಪ ವಿವರಿಸಬೇಕು. ಓಟದ ಹಾದಿಯ ಕೊನೆಯಲ್ಲಿ, ಪಟ್ಟಿಯ ಬುಡಕ್ಕೆ, ಸುಮಾರು 20 ಸೆಂಟಿಮೀಟರ್ ಆಳದ ಇಳಿಜಾರು ಪೆಟ್ಟಿಗೆಯೊಂದನ್ನು ನೆಲದಲ್ಲಿ ಹುದುಗಿಸಿರುತ್ತಾರೆ. ಕೋಲಿನ ತುದಿ ಅದರೊಳಗೆ ನಾಟಬೇಕು. ಎತ್ತರಕ್ಕೆ ಮೂಲ ಬಂಡವಾಳ ಓಟದ ವೇಗ. ಸೆಕೆಂಡಿಗೆ 8 ಮೀಟರಿನಂತೆ ಓಡುವ ದೇಹದ ಚಲನಶಕ್ತಿಯೆಲ್ಲ ಎಳ್ಳಷ್ಟೂ ಪೋಲಾಗದೆ ಎತ್ತರವಾಗಿ ಮಾರ್ಪಟ್ಟರೆ ಆ ದೇಹವು ಸುಮಾರು 3.25 ಮೀಟರ್ ಮೇಲೇಳುತ್ತದೆ. ಶರೀರದ ಭಾರಕೇಂದ್ರ ಮೊದಲೇ ನೆಲದಿಂದ ಒಂದು ಮೀಟರಿನಷ್ಟು ಮೇಲಿರುವುದರಿಂದ ಲೆಕ್ಕ ಇನ್ನೂ ಹೆಚ್ಚುತ್ತದೆ. ಈ ಬಂಡವಾಳ ಕರಗಿಹೋಗುವುದು ನೆಲ ಬಿಡುವ ಕ್ಷಣದಲ್ಲಿ. ಬಲಗೈ ಮೇಲಿಟ್ಟು ಹಿಡಿಯುವವರು ಎಡಗಾಲಿನಿಂದ ಚಿಮ್ಮುತ್ತಾರೆ. ಆಗ ಆ ಎಡಗಾಲು ಮೇಲೆ ಚಾಚಿದ ಬಲಗೈಗೆ ನೇರ ಕೆಳಗಿರಬೇಕು. ಪೆಟ್ಟಿಗೆಯ ಕಡೆಗೆ ಮುಂದೆ ಬಿದ್ದರೆ ಕೋಲು ತೋಳನ್ನು ಹಿಂದಕ್ಕೆ ಜಗ್ಗುತ್ತದೆ, ವೇಗ ಮುರಿಯುತ್ತದೆ, ಸೊಂಟ ಮೇಲೇರುವುದಿಲ್ಲ, ಮೊಣಕಾಲು ಪಟ್ಟಿಗೆ ತಗಲುತ್ತದೆ. ನಾನು ಕಂಡದ್ದು ಈ ಸರಪಣಿಯ ಕೊನೆಯ ಕೊಂಡಿಯನ್ನು ಮಾತ್ರ.

ಶಿಕ್ಷಕರು ನನ್ನ ಫೋನಿನಲ್ಲಿದ್ದ ಚಿತ್ರವನ್ನು ನಿಧಾನವಾಗಿ ಸರಿಸಿ, ಕಾಲು ನೆಲಕ್ಕೆ ತಾಗಿದೆಡೆ ನಿಲ್ಲಿಸಿದರು. ಎಡಗಾಲು ಕೈಗಿಂತ ಗೇಣುದ್ದ ಮುಂದಿತ್ತು! ಅವಳದು ಹನ್ನೆರಡು ಹೆಜ್ಜೆಯ ಓಟ. ಆರು ಹೆಜ್ಜೆ ಉಳಿದಿರುವಲ್ಲಿ ಹಾದಿಯ ಪಕ್ಕಕ್ಕೆ ಸುಣ್ಣದ ಗುರುತೊಂದನ್ನು ಹಾಕಿದ್ದರು. ಅಲ್ಲಿ ಕಾಲು ಸರಿಯಾಗಿಯೇ ಬಿದ್ದಿತ್ತು. ಎಂದಮೇಲೆ ಓಟದ ಮೊದಲರ್ಧದಲ್ಲಿ ದೋಷವಿಲ್ಲ; ಕೊನೆಯ ಆರು ಹೆಜ್ಜೆಗಳನ್ನು ಹಿಗ್ಗಿಸುತ್ತಿದ್ದಾಳೆ. ಏಕೆ? ಅದೂ ಚಿತ್ರದಲ್ಲಿಯೇ ಇತ್ತು. ಅಂಜಿಕೆಯಿಂದ ಅವಳ ಕಣ್ಣು ಪೆಟ್ಟಿಗೆಯ ಮೇಲೆ ಕೀಲಿಸಿತ್ತು. ಕಣ್ಣು ಹೋದೆಡೆಗೆ ಕಾಲೂ ಚಾಚಿಕೊಳ್ಳುತ್ತಿತ್ತು.

ಅವರು ಅವಳಿಗೆ ಇದಾವುದನ್ನೂ ಒಡನೆಯೇ ಹೇಳಲಿಲ್ಲ. “ನಿನಗೆ ಏನನ್ನಿಸಿತಮ್ಮ?” ಎಂದು ಮೊದಲು ಕೇಳಿದರು. “ಯಾರೋ ಹಿಂದಿನಿಂದ ಭುಜ ಹಿಡಿದೆಳೆದ ಹಾಗಾಯಿತು ಸಾರ್” ಎಂದಳು. ಆಮೇಲೆ ಚಿತ್ರವನ್ನು ತೋರಿಸಿದರು. ಕೊನೆಯಲ್ಲಿ ಹೇಳಿದ್ದು ಒಂದೇ ಮಾತು: “ಕಣ್ಣು ಮೇಲಿರಲಿ.”

ತಿದ್ದುವ ವಿದ್ಯೆಯ ತಿರುಳೆಲ್ಲ ಇದರಲ್ಲಿದೆ ಎಂದು ನನಗೆ ಅನ್ನಿಸಿತು. ಅಡ್ಡಪಟ್ಟಿಯೂ ಒಂದು ಬಗೆಯ ಗುರುವೇ. ಆದರೆ ಅದು ದಾಟಿದೆ, ದಾಟಲಿಲ್ಲ ಎಂಬಷ್ಟನ್ನೇ ಹೇಳುತ್ತದೆ. ಹೇಗೆ ದಾಟಲಿಲ್ಲ ಎಂಬುದನ್ನು ಚಿತ್ರ ತೋರಿಸುತ್ತದೆ. ಏಕೆ ದಾಟಲಿಲ್ಲ, ಮುಂದಿನ ಸಲ ಏನು ಮಾಡಬೇಕು ಎಂಬುದನ್ನು ಹೇಳಲು ಬಲ್ಲ ಮನುಷ್ಯನೇ ಬೇಕು. ಓಡುವಾಗ ಕಲಿಯುವವರ ಮನಸ್ಸು ಒಂದು ಮಾತನ್ನು ಮಾತ್ರ ಹೊತ್ತುಕೊಂಡು ಓಡಬಲ್ಲದು. ಪ್ರತಿ ಜಿಗಿತಕ್ಕೂ ಹೊರಗಿನವರೇ ತಪ್ಪು ಹೇಳುತ್ತ ಹೋದರೆ ತನ್ನ ಮೈಯ ಮಾತನ್ನು ತಾನು ಕೇಳುವ ಅಭ್ಯಾಸವೇ ತಪ್ಪಿಹೋಗುತ್ತದೆ. ಶಿಕ್ಷಕರು ಮೊದಲು ಅವಳನ್ನೇ ಕೇಳಿದ್ದು ಇದಕ್ಕಾಗಿ.

ದೊಡ್ಡವರ ಕಥೆಯೂ ಬೇರೆಯಲ್ಲ. ಅಮೆರಿಕದ ಕಾರ್ನೀಲಿಯಸ್ ವಾರ್ಮರ್‌ಡ್ಯಾಮ್ ಬಿದಿರಿನ ಕೋಲು ಹಿಡಿದೇ 1942ರಲ್ಲಿ 4.77 ಮೀಟರ್ ದಾಟಿದ. ಆ ದಾಖಲೆ ಮುರಿದದ್ದು 1957ರಲ್ಲಿ. ಅನಂತರ ಬಾಗಿ ಪುಟಿಯುವ ಫೈಬರ್‌ಗ್ಲಾಸ್ ಕೋಲು ಬಂದಿತು. 1985ರಲ್ಲಿ ಮೊಟ್ಟಮೊದಲು 6 ಮೀಟರ್ ದಾಟಿದ ಸೆರ್ಗೈ ಬುಬ್ಕಾನ ಬೆನ್ನಿಗೆ ತರಬೇತುದಾರ ವಿಟಾಲಿ ಪೆಟ್ರೋವನ ಕಣ್ಣಿತ್ತು. 2025ರಲ್ಲಿ ಟೋಕಿಯೋದಲ್ಲಿ 6.30 ಮೀಟರ್ ದಾಟಿದ ಸ್ವೀಡನ್ನಿನ ಅರ್ಮಾಂಡ್ ಡುಪ್ಲಾಂಟಿಸ್‌ನ ಮೊದಲ ಗುರುಗಳು ತಂದೆತಾಯಿಗಳೇ. ಮನೆಯ ಹಿತ್ತಲೇ ಮೈದಾನ. ಕೋಲು ಬದಲಾಯಿತು, ಎತ್ತರ ಬದಲಾಯಿತು. ಪಕ್ಕದಲ್ಲಿ ನಿಂತು ನೋಡುವವರ ಅಗತ್ಯ ಮಾತ್ರ ತಪ್ಪಲಿಲ್ಲ.

ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಈ ಸ್ಪರ್ಧೆ ತೆರೆದದ್ದು 2000ದ ಸಿಡ್ನಿ ಕೂಟದಲ್ಲಿ. ನಮ್ಮ ದೇಶದಲ್ಲಿ ವಿ. ಎಸ್. ಸುರೇಖಾ 2014ರಲ್ಲಿ ಸ್ಥಾಪಿಸಿದ್ದ 4.15 ಮೀಟರಿನ ದಾಖಲೆಯನ್ನು ತಮಿಳುನಾಡಿನ ರೋಸಿ ಮೀನಾ ಪಾಲ್‌ರಾಜ್ 2022ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 4.20 ಮೀಟರ್ ದಾಟಿ ಮುರಿದರು. ನಮ್ಮ ರಾಜ್ಯದ ಖ್ಯಾತಿ ವಖಾರಿಯಾ ಅವರೂ ರಾಷ್ಟ್ರಮಟ್ಟದಲ್ಲಿ ಸ್ಪರ್ಧಿಸಿದವರು. ಬಟವಾಡಿಯ ತಾಯಂದಿರಿಗೆ ಇದನ್ನು ಹೇಳುವಾಗ ಇನ್ನೊಂದು ಮಾತನ್ನೂ ಸೇರಿಸಬೇಕು: ದಪ್ಪ ಮೆತ್ತೆಯಿಲ್ಲದೆ, ಬಲ್ಲ ಶಿಕ್ಷಕರಿಲ್ಲದೆ ಮಕ್ಕಳು ಈ ಸಾಹಸಕ್ಕೆ ಕೈಹಾಕಕೂಡದು. ತಾಯಿಯ ಅಂಜಿಕೆ ಸುಳ್ಳಲ್ಲ. ಅದಕ್ಕೆ ಸಮಾಧಾನ ಮೆತ್ತೆ ಮತ್ತು ಎಚ್ಚರ.

ಮನೆಗೆ ಬಂದು ಕುಳಿತಾಗ ಮೇಜಿನ ಮೇಲೆ ವಿದ್ಯಾರ್ಥಿಗಳ ಪ್ರಬಂಧಗಳ ಕಟ್ಟಿತ್ತು. ಕನ್ನಡದ ಮೊದಲ ಲಕ್ಷಣಗ್ರಂಥಗಳಲ್ಲಿ ಹಿರಿದಾದ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತನ್ನ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದನ್ನು ದೋಷಗಳ ವಿವೇಚನೆಗೇ ಮೀಸಲಿಟ್ಟಿದೆ. ಬರೆದವನಿಗೆ ತನ್ನ ದೋಷ ತಾನಾಗಿ ಕಾಣದೆಂಬುದನ್ನು ನಮ್ಮ ಹಿರಿಯರು ಅಂದೇ ಅರಿತಿದ್ದರು. ಅದನ್ನು ವರ್ಷಕ್ಕೊಮ್ಮೆ ಪಾಠ ಹೇಳುವ ನಾನೋ, ಒಂದೊಂದು ಪುಟಕ್ಕೂ ಇಪ್ಪತ್ತು ಕೆಂಪು ಗೆರೆಗಳನ್ನು ಎಳೆದು ಹಿಂದಿರುಗಿಸುತ್ತ ಬಂದಿದ್ದೆ. ಎಷ್ಟು ಹುಡುಗರು ಅರ್ಧ ಓಡಿ ಕೋಲು ಕೆಳಗೆ ಹಾಕಿದರೋ! ಆ ರಾತ್ರಿ ಪ್ರತಿಯೊಂದು ಪ್ರಬಂಧಕ್ಕೂ ಮೂಲದ ತಪ್ಪು ಯಾವುದೆಂದು ಹುಡುಕಿ ಒಂದೊಂದೇ ಮಾತನ್ನು ಬರೆದೆ. ಇಪ್ಪತ್ತು ಗೆರೆ ಎಳೆಯುವುದಕ್ಕಿಂತ ಅದು ಕಷ್ಟದ ಕೆಲಸವಾಗಿತ್ತು.

ಮೂರು ವಾರ ಬೆಳಗಿನ ಹೊತ್ತು ನಾನು ಫೋನು ಹಿಡಿದು ನಿಂತೆ, ಬಾಯಿ ಮುಚ್ಚಿಕೊಂಡು. ಯುಗಾದಿಗೆ ನಾಲ್ಕು ದಿನವಿದ್ದಾಗ ಪಟ್ಟಿ 2.40 ಮೀಟರಿನಲ್ಲಿತ್ತು. ಹುಡುಗಿ ಓಡಿದಳು, ಮುಖ ಮೇಲೆತ್ತಿಯೇ ಇತ್ತು. ಕೋಲು ನಾಟಿತು, ಮೈ ಏರಿತು. ಪಟ್ಟಿ ಒಮ್ಮೆ ನಡುಗಿ ಹಾಗೆಯೇ ನಿಂತಿತು. ಶಿಕ್ಷಕರು ಚಪ್ಪಾಳೆ ತಟ್ಟಿದರು. ಮೆತ್ತೆಯ ಮೇಲಿಂದ ಎದ್ದುಬಂದ ಅವಳು ಪಟ್ಟಿಯ ಕಡೆ ತಿರುಗಿಯೂ ನೋಡದೆ ನನ್ನ ಕೈಯಲ್ಲಿದ್ದ ಫೋನಿನತ್ತ ಬಾಗಿ ಕೇಳಿದಳು:

“ಸಾರ್, ಕಾಲು ಎಲ್ಲಿ ಬಿದ್ದಿತ್ತು?”